ವಿರಾಜಪೇಟೆಯ ಬಾಡಿಗೆ ಜೀಪು: ಮಿಷನ್ ತಂಡಕ್ಕೆ ಆಗುತ್ತದೆಯೇ?

ದಕ್ಷಿಣ ಕೊಡಗಿನ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ), ಹಾಡಿ (ಆದಿವಾಸಿಗಳ ವಸತಿ)ಗಳಿಗೆ ಸುವಾರ್ತೆ ಸಾರಲು ಹೋಗುವ ಕ್ರೈಸ್ತ ಮಿಷನ್ ತಂಡಕ್ಕೆ ಈ ಬಾಡಿಗೆ ಜೀಪನ್ನು ಧೈರ್ಯವಾಗಿ ಹೇಳಬಹುದು. ಮುಖ್ಯ ಕಾರಣ ಡ್ರೈವರ್. ಕೆಂಪುಮಣ್ಣಿನ ಏರು ಕಂಡರೆ ಬುಡದಲ್ಲೇ ನಿಲ್ಲಿಸಿ ಫೋರ್‌ವೀಲ್ ಲೋ ಗೇರಿಗೆ (ನಾಲ್ಕೂ ಚಕ್ರಕ್ಕೆ ನಿಧಾನವಾದರೂ ಹೆಚ್ಚು ಎಳೆತ ಕೊಡುವ ಗೇರು) ಹಾಕುತ್ತಾರೆ. ಅರ್ಧ ಏರಿದ ಮೇಲೆ ಹಾಕಲು ಹೋದರೆ ವೇಗ ಸತ್ತು, ಗಾಡಿ ಹಿಂದಕ್ಕೆ ಜಾರಿ ಚರಂಡಿಗೆ ಇಳಿಯುತ್ತದೆ. ಹಗ್ಗ, ಗುದ್ದಲಿ, ಚಕ್ರಕ್ಕೆ ಕೊಡುವ ಮರದ ಅಡೆ ಸದಾ ಗಾಡಿಯಲ್ಲೇ ಇರುತ್ತವೆ.

ಕೊರತೆ ಹಿಂಬದಿಯ ಟಾರ್ಪಾಲಿನದು. ಹೊಲಿಗೆಯ ಸಾಲಿನಿಂದ ನೀರು ತೊಟ್ಟಿಕ್ಕಿ ಕೆಳಗಿಟ್ಟ ಬೈಬಲ್ ಪೆಟ್ಟಿಗೆ ನೆನೆಯುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲ ನೀವೇ ತನ್ನಿ. ಜಿಗಣೆಗೆ ಉಪ್ಪನ್ನೂ.

ಭಾಷೆಯ ತೊಡಕು ರಸ್ತೆಗಿಂತ ದೊಡ್ಡದು. ಜೇನುಕುರುಬರ ಮಾತು ಕನ್ನಡಕ್ಕೆ ಹತ್ತಿರ, ಪಣಿಯ ಎರವರದು ಮಲಯಾಳಕ್ಕೆ ಹತ್ತಿರ. ಅಸ್ಸಾಮಿನ ಕಾರ್ಮಿಕರಿರುವ ಲೈನಿನಲ್ಲಿ ಹಿಂದಿ ಬೇಕು. ಡ್ರೈವರಿಗೆ ಕನ್ನಡ, ಕೊಡವ ತಕ್ಕ್, ಮಲಯಾಳ ಬರುತ್ತದೆ, ಹಿಂದಿ ಅಷ್ಟಕ್ಕಷ್ಟೇ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ಅನುವಾದಕ್ಕೆ ಬಿಡಿ. ಉದ್ದ ಬೋಧನೆಯಾದರೆ ಅರ್ಧ ಉಳಿದುಹೋಗುತ್ತದೆ, ಕೇಳುವವರು ಗೌರವಕ್ಕೆ ತಲೆಯಾಡಿಸುತ್ತಾರೆ ಅಷ್ಟೇ. ಹಾಡಿಯ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವುದೇ ಒಳ್ಳೆಯದು.

ತೋಟದ ಮಾಲೀಕರಿಗೂ ರೈಟರಿಗೂ (ತೋಟದ ಗುಮಾಸ್ತರಿಗೂ) ಮೊದಲೇ ತಿಳಿಸಿ. ಕಾಡಿನೊಳಗಿನ ಹಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಭಾನುವಾರ ಗೋಣಿಕೊಪ್ಪ ಸಂತೆ, ಬೆಳಿಗ್ಗೆ ಲೈನು ಖಾಲಿ. ಮಧ್ಯಾಹ್ನ ಮೂರಕ್ಕೆ ಕೂಟ ಇಟ್ಟು ಐದಕ್ಕೆ ಹೊರಡಿ. ಕತ್ತಲಾದ ಮೇಲೆ ತೋಟದ ದಾರಿಗೆ ಆನೆ ಇಳಿಯುತ್ತದೆ, ಡ್ರೈವರ್ ಎಷ್ಟು ದುಡ್ಡು ಕೊಟ್ಟರೂ ಬರುವುದಿಲ್ಲ. ಅವರ ಆ ಹಟ ನೂರಕ್ಕೆ ನೂರು ಸರಿ.