ಫೈರ್ ಸೈಡರ್: ನಾಲ್ಕು ಬಗೆ, ನಾಲ್ಕು ಖಾರ

ನ್ಯೂಜೆರ್ಸಿಯಲ್ಲಿ ಚಳಿ ಕಾಲಿಟ್ಟ ಕೂಡಲೇ ಹೆಲ್ತ್ ಫುಡ್ ಅಂಗಡಿಗಳಲ್ಲಿ ಫೈರ್ ಸೈಡರ್ ಬಾಟಲಿಗಳು ಮುಂದಿನ ಸಾಲಿಗೆ ಬರುತ್ತವೆ. ಆಪಲ್ ಸೈಡರ್ ವಿನೆಗರಿನಲ್ಲಿ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ, ಮೂಗಿಗೆ ಹತ್ತುವ ಖಾರದ ಹಾರ್ಸ್‌ರ್ಯಾಡಿಷ್ ಎಂಬ ಬೇರು ಇಷ್ಟನ್ನೂ ನೆನೆಹಾಕಿ, ಸೋಸಿ, ಜೇನುತುಪ್ಪ ಬೆರೆಸಿದರೆ ಫೈರ್ ಸೈಡರ್ ಆಯಿತು. ಒಂದು ಚಮಚ ಕುಡಿದರೆ ಗಂಟಲು ಬೆಚ್ಚಗಾಗುತ್ತದೆ, ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ. ನಾನು ಕುಡಿಯುವುದು ಅಷ್ಟಕ್ಕೇ. ಇದರಿಂದ ನೆಗಡಿ ವಾಸಿಯಾಗುತ್ತದೆ ಎಂದು ನಾನಂತೂ ಹೇಳುವುದಿಲ್ಲ.

ಮನೆಯಲ್ಲಿ ಮಾಡಹೊರಟರೆ ಒಬ್ಬೊಬ್ಬರದು ಒಂದೊಂದು ವಿಧಾನ. ವಾರಗಟ್ಟಲೆ ನೆನೆಯಲು ಬಿಡಿ ಎನ್ನುವವರು ಕೆಲವರು, ಬಿಸಿ ವಿನೆಗರ್ ಸುರಿದರೆ ಬೇಗ ಆಗುತ್ತದೆ ಎನ್ನುವವರು ಕೆಲವರು, ಎಲ್ಲವನ್ನೂ ಮಿಕ್ಸಿಗೆ ಹಾಕಿಬಿಡಿ ಎನ್ನುವವರು ಇನ್ನು ಕೆಲವರು. ಸಾಮಾನು, ಅಳತೆ ಒಂದೇ ಇಟ್ಟುಕೊಂಡು ಮೂರನ್ನೂ ಅಕ್ಕಪಕ್ಕದಲ್ಲಿ ಮಾಡಿ ನೋಡಿದೆ. ನಾಲ್ಕನೆಯದು ನನ್ನದೇ ಸೇರ್ಪಡೆ: ಹಾರ್ಸ್‌ರ್ಯಾಡಿಷ್ ಬದಲು ನಮ್ಮ ಸಾಸಿವೆ.

ಈ ಪಾಕವನ್ನು ಜನಪ್ರಿಯಗೊಳಿಸಿದವರು ರೋಸ್‌ಮೇರಿ ಗ್ಲ್ಯಾಡ್‌ಸ್ಟಾರ್ ಎಂಬ ಮೂಲಿಕೆ ಶಿಕ್ಷಕಿ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಶಾಲೆಯ ಅಡುಗೆಮನೆಯಲ್ಲಿ ಇದನ್ನು ಮಾಡಿ, ಕಲಿಯಲು ಬಂದವರಿಗೆಲ್ಲ ಹೇಳಿಕೊಟ್ಟರು. 2012ರಲ್ಲಿ ಮ್ಯಾಸಚೂಸೆಟ್ಸಿನ ಒಂದು ಕಂಪನಿ ಆ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತು. ಹಳೆಯ ಮೂಲಿಕೆಗಾರರು ಸುಮ್ಮನಿರಲಿಲ್ಲ, ಮೂವರು ಹೆಂಗಸರು ಕೋರ್ಟಿನಲ್ಲಿ ಹೋರಾಡಿದರು. ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವೆಂದು 2019ರಲ್ಲಿ ತೀರ್ಪಾಯಿತು. ಹಂಚಿಕೊಂಡ ಅಡುಗೆಗೆ ಬೇಲಿ ಹಾಕಲು ಬಿಡದ ಆ ಮೂವರ ಬಗ್ಗೆ ನನಗೆ ಬಹಳ ಗೌರವ.

ಈಗ ಅಳತೆ. ಒಂದು ಲೀಟರಿನ ಗಾಜಿನ ಜಾಡಿಗೆ ಅರ್ಧ ಕಪ್ ತುರಿದ ಹಾರ್ಸ್‌ರ್ಯಾಡಿಷ್, ಅಷ್ಟೇ ಶುಂಠಿ ತುರಿ, ಒಂದು ಈರುಳ್ಳಿ, 10 ಎಸಳು ಬೆಳ್ಳುಳ್ಳಿ, 2 ಹಸಿಮೆಣಸಿನಕಾಯಿ, ಹೆಬ್ಬೆರಳುದ್ದದ ಹಸಿ ಅರಿಶಿನ, ಒಂದು ನಿಂಬೆಯ ಸಿಪ್ಪೆ ಮತ್ತು ರಸ. ಎಲ್ಲವೂ ಮುಳುಗುವಷ್ಟು 5% ಆಮ್ಲದ ಆಪಲ್ ಸೈಡರ್ ವಿನೆಗರ್. ಸೋಸಿದ ಮೇಲೆ ಕಾಲು ಕಪ್ ಜೇನುತುಪ್ಪ. ಅರಿಶಿನ, ಶುಂಠಿ, ಮೆಣಸಿನಕಾಯಿ ಎಡಿಸನ್ನಿನ ಓಕ್ ಟ್ರೀ ರೋಡಿನ ನಮ್ಮವರ ಅಂಗಡಿಗಳಲ್ಲಿ ತಾಜಾ ಸಿಗುತ್ತವೆ. ಹಾರ್ಸ್‌ರ್ಯಾಡಿಷ್‌ಗೆ ಮಾತ್ರ ಅಮೆರಿಕನ್ ಸೂಪರ್‌ಮಾರ್ಕೆಟ್ಟಿಗೇ ಹೋಗಬೇಕು. ಯಹೂದಿಗಳ ಪಾಸೋವರ್ ಹಬ್ಬದ ಹೊತ್ತಿಗೆ ಇಡೀ ಬೇರುಗಳೇ ಬಂದು ಬೀಳುತ್ತವೆ.

ಮೊದಲು ನಾಲ್ಕು ವಾರ ನೆನೆಸುವ ಹಳೆಯ ವಿಧಾನ. ಇಲ್ಲಿ ಗುಟ್ಟೆಲ್ಲ ತುರಿಯುವುದರಲ್ಲಿದೆ. ಹಾರ್ಸ್‌ರ್ಯಾಡಿಷ್ ಇಡೀ ಬೇರಾಗಿದ್ದಾಗ ಮೂಸಿದರೆ ಏನೂ ಇಲ್ಲ, ಬರೀ ಮಣ್ಣಿನ ವಾಸನೆ. ತುರಿಮಣೆಗೆ ಉಜ್ಜಿದ ಮರುಗಳಿಗೆಯೇ ಕಣ್ಣಲ್ಲಿ ನೀರು. ಬೇರಿನ ಜೀವಕೋಶ ಒಡೆದಾಗ ಸಿನಿಗ್ರಿನ್ ಎಂಬ ವಸ್ತುವಿಗೆ ಮೈರೋಸಿನೇಸ್ ಎಂಬ ಕಿಣ್ವ ತಾಗಿ, ಆಗಷ್ಟೇ ಆ ಖಾರ ಹುಟ್ಟುತ್ತದೆ. ವಿನೆಗರ್ ಬಿದ್ದೊಡನೆ ಕಿಣ್ವದ ಕೆಲಸ ನಿಂತುಹೋಗುತ್ತದೆ. ಹಾಗಾಗಿ ತುರಿದು ಮೂರ್ನಾಲ್ಕು ನಿಮಿಷ ಹಾಗೇ ಬಿಟ್ಟು ಆಮೇಲೆ ವಿನೆಗರ್ ಹಾಕಿದ ಜಾಡಿಗೂ, ತುರಿದ ತಕ್ಷಣ ಹಾಕಿದ ಜಾಡಿಗೂ ರುಚಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಂಡೆ. ಬೆಳ್ಳುಳ್ಳಿಗೂ ಇದೇ ನ್ಯಾಯ: ಜಜ್ಜಿ ಹತ್ತು ನಿಮಿಷ ಬಿಡಬೇಕು. ಕೆಲವೊಮ್ಮೆ ಬೆಳ್ಳುಳ್ಳಿ ಹುಳಿಯಲ್ಲಿ ನೀಲಿ-ಹಸಿರಾಗುತ್ತದೆ. ಅದು ಕೆಟ್ಟದ್ದಲ್ಲ, ಜಾಡಿ ಎಸೆಯಬೇಡಿ. ಮುಚ್ಚಳ ಲೋಹದ್ದಾದರೆ ನಡುವೆ ಬೆಣ್ಣೆ ಕಾಗದ ಇಡಿ, ಇಲ್ಲವಾದರೆ ವಿನೆಗರ್ ತುಕ್ಕು ತರಿಸುತ್ತದೆ.

ನಾಲ್ಕು ವಾರದ ಕೊನೆಗೆ ಸಿಗುವುದು ಜೇನಿನ ಬಣ್ಣದ ತಿಳಿ ರಸ. ಮೊದಲು ಹುಳಿ, ಆಮೇಲೆ ಶುಂಠಿ, ಮೆಣಸಿನಕಾಯಿಯ ಉರಿ ಎಲ್ಲಕ್ಕಿಂತ ಹಿಂದೆ. ಹಾರ್ಸ್‌ರ್ಯಾಡಿಷ್‌ನ ಮೂಗಿಗೆ ಹತ್ತುವ ಖಾರ ಇಷ್ಟು ದಿನದಲ್ಲಿ ತಗ್ಗಿರುತ್ತದೆ. ಅದಕ್ಕೇ ನಾನು ಅರ್ಧದಷ್ಟು ಬೇರನ್ನು ಕಡೆಯ ವಾರ ತುರಿದು ಸೇರಿಸುತ್ತೇನೆ. ಹೀಗೆ ಮಾಡಿದ ಬಾಟಲಿ ನಾಲ್ಕರಲ್ಲೂ ಮೇಲು.

ಬಿಸಿ ವಿನೆಗರಿನ ವಿಧಾನ ಆತುರದವರಿಗೆ. ಕುದಿ ಹತ್ತುವ ಮುಂಚೆ ಇಳಿಸಿ ಜಾಡಿಗೆ ಸುರಿದರೆ ಎರಡನೆಯ ದಿನವೇ ಸೋಸಬಹುದು. ಅರಿಶಿನದ ಬಣ್ಣ ಚೆನ್ನಾಗಿ ಬಿಡುತ್ತದೆ, ಈರುಳ್ಳಿ ಸಿಹಿಯಾಗುತ್ತದೆ. ಆದರೆ ಹಾರ್ಸ್‌ರ್ಯಾಡಿಷ್‌ನ ಖಾರ ಆವಿಯಲ್ಲಿ ಹೋಗಿಬಿಡುತ್ತದೆ. ವಿನೆಗರ್ ಸುರಿಯುವಾಗ ಅಡುಗೆಮನೆಯೆಲ್ಲ ಘಾಟು, ಬಾಟಲಿಯಲ್ಲಿ ಏನೂ ಇಲ್ಲ. ಕೋಸಂಬರಿಗೆ ನಿಂಬೆಹುಳಿಯ ಬದಲು ಎರಡು ಚಮಚ ಹಾಕಿದರೆ ಸೊಗಸು. ಟಾನಿಕ್ ಎಂದು ಕುಡಿಯಲು ಇದನ್ನು ಮಾಡುವ ಶ್ರಮ ಬೇಡ.

ಮಿಕ್ಸಿಯದು ಮೂರು ದಿನಕ್ಕೇ ತಯಾರು, ಖಾರವೂ ಉಳಿದೆಲ್ಲಕ್ಕಿಂತ ಜೋರು. ಆದರೆ ನುಣ್ಣಗೆ ಅರೆದ ಈರುಳ್ಳಿ, ನಿಂಬೆಸಿಪ್ಪೆ ಕಹಿ ಬಿಡುತ್ತವೆ, ಎಷ್ಟು ಜೇನು ಹಾಕಿದರೂ ಆ ಕಹಿ ನಾಲಗೆಯ ಬುಡದಲ್ಲಿ ನಿಲ್ಲುತ್ತದೆ. ಸೋಸುವುದಂತೂ ದೊಡ್ಡ ಪಾಡು. ಪಂಚೆ ಬಟ್ಟೆಯಲ್ಲಿ ಹಿಂಡಿದರೂ ಶುಂಠಿಯ ಪಿಷ್ಟ ಇಳಿದು ತಳದಲ್ಲಿ ಬಿಳಿಯ ಗಸಿ ಕೂರುತ್ತದೆ. ಮಿಕ್ಸಿಯೇ ಬೇಕೆನ್ನುವವರು ನಿಂಬೆಯ ರಸ ಮಾತ್ರ ಹಾಕಿ, ಈರುಳ್ಳಿಯನ್ನು ಕೈಯಲ್ಲೇ ಹೆಚ್ಚಿ.

ಸಾಸಿವೆಯ ಜಾಡಿ ಮಾತ್ರ ನನಗೆ ತುಂಬ ಖುಷಿ ಕೊಟ್ಟಿತು. ಒಗ್ಗರಣೆಗೆ ಹಾಕುವ ನಮ್ಮ ಕಪ್ಪು-ಕಂದು ಸಾಸಿವೆಯಲ್ಲಿರುವುದೂ ಅದೇ ಸಿನಿಗ್ರಿನ್. ಮಲೆನಾಡಿನ ಮನೆಗಳಲ್ಲಿ ಹಸಿ ಸಾಸಿವೆ ಅರೆದು ಮಾಡುವ ಮೊಸರಿನ ಸಾಸಿವೆ ಉಂಡವರಿಗೆ ಆ ನೆತ್ತಿಗೇರುವ ಖಾರದ ಪರಿಚಯ ಇದ್ದೇ ಇದೆ. ಅಮೆರಿಕದ ಹಾಟ್‌ಡಾಗ್ ಸಾಸಿನಲ್ಲಿರುವ ಹಳದಿ ಸಾಸಿವೆ ಇಲ್ಲಿಗೆ ಆಗದು. ಅದರ ಖಾರ ನಾಲಗೆಗಷ್ಟೇ, ಮೂಗಿಗೆ ಏರುವುದಿಲ್ಲ. ಎರಡು ದೊಡ್ಡ ಚಮಚ ಸಾಸಿವೆಯನ್ನು ತರಿತರಿಯಾಗಿ ಪುಡಿಮಾಡಿ, ತಣ್ಣೀರಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಬಿಸಿನೀರು ಹಾಕಿದರೆ ಕಿಣ್ವ ಸತ್ತು ಬರೀ ಕಹಿ ಉಳಿಯುತ್ತದೆ. ಆಮೇಲೆ ಉಳಿದ ಸಾಮಾನು, ವಿನೆಗರ್. ಮೊದಲ ವಾರ ಸ್ವಲ್ಪ ಕಹಿ ಇರುತ್ತದೆ, ಎರಡು ವಾರಕ್ಕೆ ಹದಕ್ಕೆ ಬರುತ್ತದೆ. ಹಾರ್ಸ್‌ರ್ಯಾಡಿಷ್‌ನಲ್ಲಿರುವ ಹಸಿ ಸಿಹಿ ಇದರಲ್ಲಿಲ್ಲ, ಅದೊಂದೇ ಕೊರತೆ. ಊರಿನಲ್ಲಿ ಮಾಡಿಕೊಳ್ಳುವವರು ಆ ಬೇರು ಹುಡುಕಿ ಅಲೆಯುವ ಬದಲು ಡಬ್ಬಿಯಲ್ಲಿರುವ ಸಾಸಿವೆಯನ್ನೇ ತೆಗೆದುಕೊಳ್ಳಿ.

ವಿನೆಗರ್ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬಿಳಿ ವಿನೆಗರಿನಲ್ಲಿ ಹುಳಿ ಚುಚ್ಚುತ್ತದೆ, ಬೇರೆ ರುಚಿಯಿಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಂದಿಮಾಂಸದ ಅಡುಗೆಗೆ ಬಳಸುವಂಥ ತೆಂಗಿನ ಕಳ್ಳಿನ ವಿನೆಗರ್ ಸಿಕ್ಕರೆ ಬಿಡಬೇಡಿ, ಸಾಸಿವೆ ಜಾಡಿಗೆ ಅದು ಆಪಲ್ ಸೈಡರಿಗಿಂತ ಚೆನ್ನಾಗಿ ಹೊಂದುತ್ತದೆ. ಲೇಬಲ್ಲಿನ ಮೇಲೆ ‘ಸಿಂಥೆಟಿಕ್’ ಎಂದಿದ್ದರೆ ಅದು ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು, ಇದಕ್ಕೆ ಬೇಡ.

ಯಾವುದೇ ಬಗೆಯಾದರೂ ನೇರವಾಗಿ ಗುಟುಕರಿಸಬೇಡಿ, ಹಲ್ಲಿನ ಎನಾಮಲ್ ಸವೆಯುತ್ತದೆ. ಒಂದು ದೊಡ್ಡ ಚಮಚಕ್ಕೆ ಒಂದು ಲೋಟ ಬೆಚ್ಚನೆ ನೀರು ಸಾಕು. ಹೊಟ್ಟೆಹುಣ್ಣು, ಎದೆಯುರಿ ಇರುವವರು ದೂರವಿರುವುದೇ ಲೇಸು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಜೇನುತುಪ್ಪ ಇರುವುದರಿಂದ ಒಂದು ವರ್ಷ ತುಂಬದ ಮಗುವಿಗೆ ತೊಟ್ಟೂ ಕೊಡಕೂಡದು.

ಸೋಸಿ ಉಳಿದ ಚರಟದಲ್ಲೂ ನಾಲ್ಕು ಜಾಡಿ ನಾಲ್ಕು ದಾರಿ. ಮಿಕ್ಸಿಯದು ಕಾಂಪೋಸ್ಟಿಗೇ ಸರಿ. ಬಿಸಿಯದು ಬೆಂದ ಹಾಗಿರುತ್ತದೆ, ಬೇಳೆಸಾರಿಗೆ ಒಂದು ಹಿಡಿ ಹಾಕಬಹುದು. ನಾಲ್ಕು ವಾರದ್ದನ್ನು ಎಣ್ಣೆಯಲ್ಲಿ ಬಾಡಿಸಿ, ಬೆಲ್ಲ, ಉಪ್ಪು ಹಾಕಿ ಗೊಜ್ಜು ಮಾಡುತ್ತೇನೆ. ಸಾಸಿವೆಯದನ್ನು ಹಾಗೆಯೇ ಮೊಸರನ್ನಕ್ಕೆ ನಂಚಿಕೊಳ್ಳಬಹುದು, ಉಪ್ಪು ಬಿಟ್ಟು ಬೇರೇನೂ ಬೇಡ.