ಗ್ರಿಲ್‌ಗೆ ಬಣ್ಣ: ಸಣ್ಣ ಕರೆಂಟ್ ಗನ್ನೋ, ಬಾಡಿಗೆ ಕಂಪ್ರೆಸರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕೈಯಲ್ಲಿ ಹಿಡಿದು ಬಣ್ಣ ಸಿಂಪಡಿಸುವ ಸಣ್ಣ ಕರೆಂಟ್ ಗನ್‌ಗೆ. 2,500 ರೂಪಾಯಿ ಆಸುಪಾಸಿನದ್ದು. ಬಾಡಿಗೆಗೆ ತಂದ ಕಂಪ್ರೆಸರ್, ಅಂದರೆ ಟ್ಯಾಂಕಿನಲ್ಲಿ ಗಾಳಿ ಒತ್ತಿಟ್ಟು ಗನ್‌ಗೆ ಕಳಿಸುವ ಮಷೀನು, ಅದಕ್ಕಿಂತ ನುಣ್ಣಗೆ ಬಣ್ಣ ಹೊಡೆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಮುಂದಿನ ಸಲ ಕಂಪ್ರೆಸರ್ ತರುವುದಿಲ್ಲ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಮುಂದೆ ಉದ್ದಕ್ಕೂ ಗ್ರಿಲ್, ಹಿಂದೆ ಗ್ರಿಲ್, ಗೇಟು, ಕಿಟಕಿಗಳಿಗೆಲ್ಲ ಬಳ್ಳಿ ಹೂವಿನ ಡಿಸೈನು. ಆ ಸುರುಳಿಗಳ ಒಳಗೆ ಬ್ರಷ್ ತೂರಿಸಿ ಆಯಿಲ್ ಪೇಂಟ್ ಹಚ್ಚಿದವರಿಗೇ ಗೊತ್ತು, ಈ ಕಡೆ ಹಚ್ಚಿದ್ದು ಆ ಕಡೆ ಸೋರಿ ಹನಿಯಾಗಿ ನಿಂತುಬಿಡುತ್ತದೆ. ಗನ್ ಬೇಕಾಗಿದ್ದು ಇದಕ್ಕೆ, ಗೋಡೆಗಲ್ಲ. ಗೋಡೆಗೆ ರೋಲರ್ ಸಾಕು. ಸಾಮಾನು ತುಂಬಿದ ಮನೆಯಲ್ಲಿ ಗೋಡೆಗೆ ಗನ್ ಹೊಡೆಯಲು ಹೋದರೆ ಪೇಪರ್, ಟೇಪ್ ಅಂಟಿಸುವುದರಲ್ಲೇ ದಿನ ಹೋಗುತ್ತದೆ. ಮೇಲಿಂದ ಈ ಸಣ್ಣ ಗನ್‌ನಲ್ಲಿ ಗೋಡೆಯ ಎಮಲ್ಷನ್ ಬಣ್ಣ ಹೊರಬರಬೇಕೆಂದರೆ ನೀರು ಜಾಸ್ತಿ ಬೇಕು, ನೀರು ಜಾಸ್ತಿಯಾದರೆ ಇನ್ನೊಂದು ಕೋಟ್ ಬೇಕು.

ಕಂಪ್ರೆಸರ್ ಸಿಕ್ಕಿದ್ದು ಫರ್ನಿಚರ್ ಪಾಲಿಷ್ ಮಾಡುವವರ ಹತ್ತಿರ. "ತಾಸಿನ ಲೆಕ್ಕ ಇಲ್ರೀ ಅಣ್ಣಾರ, ದಿನದ ಬಾಡಿಗಿ ಆರುನೂರು" ಎಂದರು. ತಪ್ಪೇನಿಲ್ಲ, ಅವರ ವ್ಯಾಪಾರ ಅದು. ಆದರೆ ದಿನದ ಬಾಡಿಗೆ ಕೊಟ್ಟ ಮೇಲೆ ದಿನಪೂರ್ತಿ ಹೊಡೆಯಲೇಬೇಕು ಅನ್ನಿಸುತ್ತದೆ, ಅಲ್ವಾ? ಹತ್ತು ಗಂಟೆ ದಾಟಿದರೆ ನಮ್ಮ ಕಡೆ ಬಿಸಿಲು ಸುಮ್ನೆ ಬಿಡುವುದಿಲ್ಲ. ಸಣ್ಣ ಸಣ್ಣ ಹನಿಗಳು ಗ್ರಿಲ್ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗುತ್ತವೆ, ಕೈಯಾಡಿಸಿದರೆ ತರಿತರಿ. ಇನ್ನು ಆಷಾಢದ ಗಾಳಿ ಎದ್ದರಂತೂ ನಿಮ್ಮ ಗ್ರಿಲ್‌ಗಿಂತ ಪಕ್ಕದ ಮನೆಯವರ ಬೈಕಿಗೇ ಜಾಸ್ತಿ ಬಣ್ಣ. ಟ್ಯಾಂಕಿನಲ್ಲಿ ನಿಂತ ನೀರನ್ನು ಆಗಾಗ ಕೆಳಗಿನ ನಲ್ಲಿ ತಿರುಗಿಸಿ ಬಿಡಬೇಕು, ಇಲ್ಲವಾದರೆ ಅದು ಬಣ್ಣದ ಜೊತೆ ಬಂದು ಚುಕ್ಕೆ ಬೀಳುತ್ತದೆ. ಇನ್ವರ್ಟರ್ ಮೇಲೆ ಓಡುವುದಿಲ್ಲ. ಸಾಗಿಸಲು ಟಂಟಂ ಬೇಕು.

ಸಣ್ಣ ಗನ್‌ಗೆ ಈ ತಾಪತ್ರಯ ಯಾವುದೂ ಇಲ್ಲ. ಅದರದ್ದು ಒಂದೇ ಕಾಟ, ಆದರೆ ತಲೆ ಕೆಡಿಸುವ ಕಾಟ.

ಬಣ್ಣದ ಡಬ್ಬಿ ಮತ್ತು ಗನ್‌ನ ಮೈ ನಡುವೆ ಒಂದು ತೆಳು ಪಾರದರ್ಶಕ ನಳಿಕೆ ಇರುತ್ತದೆ, ಅದರ ತುದಿಗೆ ಪುಟಾಣಿ ವಾಲ್ವ್. ಮೋಟರಿನ ಗಾಳಿ ಸ್ವಲ್ಪ ಆ ದಾರಿಯಿಂದ ಡಬ್ಬಿಯೊಳಗೆ ಹೋಗಿ ಬಣ್ಣವನ್ನು ಮೇಲಕ್ಕೆ ಒತ್ತುತ್ತದೆ. ಗ್ರಿಲ್‌ನ ಮೇಲಿನ ಪಟ್ಟಿಗೆ ಹೊಡೆಯಲು ಗನ್ ಹಿಂದಕ್ಕೆ ಬಾಗಿಸಿದಿರಿ ಅನ್ನಿ, ಬಣ್ಣ ಆ ವಾಲ್ವಿಗೆ ನುಗ್ಗುತ್ತದೆ. ಒಳಗಿನ ರಬ್ಬರ್ ಬಿಲ್ಲೆ ಅಂಟಿಕೊಳ್ಳುತ್ತದೆ. ಮೋಟರ್ ಜೋರಾಗಿ ತಿರುಗುತ್ತಿರುತ್ತದೆ, ಬಣ್ಣ ಮಾತ್ರ ಫುಸ್ ಫುಸ್ ಎಂದು ಉಗುಳಿ ನಿಂತುಹೋಗುತ್ತದೆ.

ಆಗ ಎಲ್ಲರೂ ಮಾಡುವುದು ಏನು? ನಾಝಲ್ ಬಿಚ್ಚಿ ತೊಳೆಯುವುದು. ನಾಝಲ್ ಸ್ವಚ್ಛವಾಗಿಯೇ ಇರುತ್ತದೆ. ಮತ್ತೆ ಜೋಡಿಸಿದರೆ ಅದೇ ಕಥೆ. ಆಮೇಲೆ ಬಣ್ಣ ದಪ್ಪ ಆಗಿರಬೇಕು ಎಂದು ಇನ್ನಷ್ಟು ಟರ್ಪೆಂಟೈನ್ ಸುರಿಯುತ್ತಾರೆ, ಬಣ್ಣ ನೀರಾಗಿ ಗ್ರಿಲ್ ಮೇಲೆ ಇಳಿಯುತ್ತದೆ. ನಿಜವಾದ ಮದ್ದು ಆ ನಳಿಕೆ ಕಿತ್ತು, ವಾಲ್ವ್ ಬಿಚ್ಚಿ, ಬಿಲ್ಲೆಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿ, ಮೊದಲು ಹೇಗಿತ್ತೋ ಹಾಗೇ ಕೂರಿಸುವುದು. ಆ ಬಿಲ್ಲೆ ಉಗುರಿನಷ್ಟು ತೆಳು. ಅಂಗಳದಲ್ಲಿ ಬಿದ್ದರೆ ಹುಡುಕಿ ನೋಡಿ.

ತಪ್ಪಿಸಲು ದಾರಿ ಇದೆ. ಡಬ್ಬಿಯೊಳಗಿನ ಹೀರುವ ಪೈಪು ತಿರುಗುತ್ತದೆ. ಕೆಳಮುಖವಾಗಿ ಹೊಡೆಯುವಾಗ ಅದರ ಬಾಯಿ ನಾಝಲ್ ಕಡೆಗೆ ಇರಬೇಕು, ಮೇಲೆ ಹೊಡೆಯುವಾಗ ಹಿಂದಕ್ಕೆ. ಹೀಗೆ ಇಟ್ಟರೆ ಜಾಸ್ತಿ ಬಾಗಿಸದೆಯೇ ಬಣ್ಣ ಸಿಗುತ್ತದೆ. ಡಬ್ಬಿ ಅರ್ಧ ಮಾತ್ರ ತುಂಬಿಸಿ. ಮೇಲಿನ ಪಟ್ಟಿಗೆ ಸ್ಟೂಲ್ ಹತ್ತಿ. ಗನ್ ಅಡ್ಡ ಮಲಗಿಸಬೇಡಿ. ಬಣ್ಣವನ್ನು ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿ ಹಾಕಿ, ಹಳೆ ಡಬ್ಬಿಯ ಕೆನೆ ಒಂದು ಚೂರು ಸಾಕು ನಾಝಲ್ ಕಟ್ಟಲು. ಇದಾದ ಮೇಲೂ ಒಮ್ಮೊಮ್ಮೆ ಕಟ್ಟುತ್ತದೆ, ಸುಳ್ಳು ಯಾಕೆ ಹೇಳಲಿ.

ಇಷ್ಟಾದರೂ ಇದೇ ಯಾಕೆ ಇಷ್ಟ? ನನ್ನ ಅಂಗಡಿ ತೆರೆಯುವುದು ಹತ್ತಕ್ಕೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಗಾಳಿ ಇಲ್ಲ, ಬಿಸಿಲಿಲ್ಲ. ಅಷ್ಟರಲ್ಲಿ ಒಂದು ಕಿಟಕಿ ಮುಗಿಸಿ, ಗನ್ ತೊಳೆದು, ಸ್ನಾನ ಮಾಡಿ ಹೋಗಬಹುದು. ನಾಳೆ ಇನ್ನೊಂದು. ಬಾಡಿಗೆ ಮೀಟರ್ ಓಡುವುದಿಲ್ಲ. ಸದ್ದು ಮಿಕ್ಸರ್‌ನಷ್ಟು, ಆ ಹೊತ್ತಿಗೆ ನಮ್ಮ ಸಾಲಿನ ಮನೆಗಳಲ್ಲಿ ಮಿಕ್ಸರ್ ಹೇಗೂ ತಿರುಗುತ್ತಿರುತ್ತದೆ. ಕಂಪ್ರೆಸರ್ ಅಷ್ಟು ಹೊತ್ತಿಗೆ ಶುರು ಮಾಡಿದ್ದರೆ ಕಾಕಾ ಒಬ್ಬರು ಗೇಟಿಗೆ ಬಂದೇ ಬರುತ್ತಿದ್ದರು. ಇದು 450 ವ್ಯಾಟ್‌ನದ್ದು, ಕರೆಂಟ್ ಹೋದರೆ ಫ್ಯಾನ್‌ಗಳನ್ನು ಆಫ್ ಮಾಡಿ ಇನ್ವರ್ಟರ್ ಮೇಲೆ ಉಳಿದ ಅರ್ಧ ಕಿಟಕಿ ಮುಗಿಸುತ್ತೇನೆ.

ಎರಡಕ್ಕೂ ಮಾಸ್ಕ್ ಬೇಕೇ ಬೇಕು. ಕರೆಂಟ್ ಗನ್‌ಗೆ ಎನ್‌ಸಿ ಥಿನ್ನರ್ (ಲ್ಯಾಕರ್ ತೆಳು ಮಾಡುವ ದ್ರಾವಕ) ಹಾಕಬೇಡಿ, ಬೇಗ ಬೆಂಕಿ ಹಿಡಿಯುತ್ತದೆ, ಮೋಟರ್ ಕೈಯಲ್ಲೇ ಇರುತ್ತದೆ. ಹಳೆ ಬಣ್ಣ ತಿಕ್ಕುವಾಗ ನೀರು ಹಾಕಿ ತಿಕ್ಕಿ, ಮಕ್ಕಳನ್ನು ದೂರ ಇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ನಮ್ಮ ಗ್ರಿಲ್ ಬಣ್ಣ ಅದಕ್ಕಿಂತ ಹಳೆಯದು, ಅದರ ಧೂಳಿನಲ್ಲಿ ಸೀಸ ಇದ್ದರೂ ಇರಬಹುದು.

ಗಾಳಿಯಿಲ್ಲದೆ ಬಣ್ಣವನ್ನೇ ಒತ್ತಿ ಚಿಮ್ಮಿಸುವ ಏರ್‌ಲೆಸ್ ಮಷೀನು ಒಂದು ಮನೆಯ ಗ್ರಿಲ್‌ಗೆ ದುಬಾರಿ, ಅದರ ಮಾತೇ ಬೇಡ. ಹೊಸ ಮನೆ, ಖಾಲಿ ಇದೆ, ಬಾಗಿಲುಗಳಿಗೆ ಕನ್ನಡಿ ಹಾಗೆ ಫಿನಿಶ್ ಬೇಕು, ಎರಡು ದಿನ ರಜೆ ಹಾಕುತ್ತೇನೆ ಅನ್ನುವವರು ಕಂಪ್ರೆಸರ್ ತನ್ನಿ. ನನ್ನಂತೆ ಅಂಗಡಿ ನಡೆಸಿಕೊಂಡು ದಿನಕ್ಕೊಂದು ಕಿಟಕಿ ಮಾಡುವವರು ಸಣ್ಣ ಗನ್ ತಗೊಳ್ಳಿ. ತಗೊಳ್ಳುವಾಗ ಆ ವಾಲ್ವಿನ ಬಿಲ್ಲೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ.