‘ಗ್ರೀಕ್ ರಾಜ ಸೆಟ್’ ಬೇಡ, ಥಾನ್ ಬಟ್ಟೆ ತಗೊಳ್ಳಿ: ಬಳ್ಳಾರಿಯ ಒಂದು ನಾಟಕದ ಡ್ರೆಸ್ ಅಂಗಡಿ

ಬಳ್ಳಾರಿಯಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಒಂದು ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಹೊಗಳುವುದರ ಜೊತೆ ಬೈಯುವುದೂ ಇದೆ. ಬಳ್ಳಾರಿ ರಾಘವರ ಊರಿನಲ್ಲಿ ಇಂಥ ಅಂಗಡಿ ಹುಡುಕುವುದೇನೂ ಕಷ್ಟವಲ್ಲ, ನಾಟಕದವರನ್ನು ಕೇಳಿದರೆ ದಾರಿ ಹೇಳುತ್ತಾರೆ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ವಾರ್ಷಿಕೋತ್ಸವಕ್ಕೆ ನಮ್ಮ ಹುಡುಗರೇ ಒಂದು ಸಣ್ಣ ನಾಟಕ ಬರೆದಿದ್ದರು. ಪರ್ಷಿಯಾದ ದೊರೆ ಡೇರಿಯಸ್ ‘ಮಣ್ಣು, ನೀರು ಕೊಟ್ಟು ಶರಣಾಗಿ’ ಎಂದು ಕಳಿಸಿದ ದೂತರನ್ನು ಅಥೆನ್ಸಿನವರು ಗುಂಡಿಗೆ ತಳ್ಳಿದ ಪ್ರಸಂಗ. ಕ್ರಿ.ಪೂ. 491ರ ಸುಮಾರಿನದು.

ಅಂಗಡಿಯ ಪಟ್ಟಿಯಲ್ಲಿ ‘ಗ್ರೀಕ್ ರಾಜ ಸೆಟ್’ ಅಂತಲೇ ಇದೆ. ದಿನಕ್ಕೆ 400 ರೂಪಾಯಿ, ಡಿಪಾಸಿಟ್ ಬೇರೆ. ಬಿಚ್ಚಿ ನೋಡಿದೆ. ಬಿಳಿ ಸ್ಯಾಟಿನ್ ನಿಲುವಂಗಿ, ಅಂಚಿಗೆ ಗೋಲ್ಡ್ ಲೇಸು, ಬೆನ್ನಿಗೆ ಜಿಪ್ಪು. ಹೆಗಲಿಗೆ ಕೆಂಪು ವೆಲ್ವೆಟ್, ತಲೆಗೆ ಪ್ಲಾಸ್ಟಿಕ್ ಎಲೆಯ ಕಿರೀಟ. ಡಿಸೆಂಬರಿನಲ್ಲಿ ಇದೇ ಸೆಟ್ಟು ಕ್ರಿಸ್ಮಸ್ ನಾಟಕಕ್ಕೂ ಹೋಗುತ್ತದಂತೆ. ಹೋಗಲಿ ಪಾಪ. ಆದರೆ ಗ್ರೀಕ್ ಅಂತ ದುಡ್ಡು ತಗೊಂಡ ಮೇಲೆ ಗ್ರೀಕ್ ಕೊಡಬೇಕಲ್ವಾ? ಇದು ಅರ್ಧ ರೋಮು, ಅರ್ಧ ಸಿನಿಮಾ. ಹೆಗಲ ಮೇಲೆ ಸುತ್ತುವ ಟೋಗಾ ರೋಮಿನವರದು, ಅದರ ಅಂಚು ದುಂಡಗೆ. ಗ್ರೀಕರು ಹೊದೆಯುತ್ತಿದ್ದ ಹಿಮಾಟಿಯೋನ್ ನೇರ ನಾಲ್ಕು ಮೂಲೆಯ ಬಟ್ಟೆ. ಎಲೆಯ ಕಿರೀಟ ಆಟದಲ್ಲಿ ಗೆದ್ದವರಿಗೆ: ಒಲಿಂಪಿಯಾದಲ್ಲಿ ಆಲಿವ್ ಎಲೆ, ಡೆಲ್ಫಿಯಲ್ಲಿ ಲಾರೆಲ್. ಅದೂ ಇರಲಿ, ನಮ್ಮ ನಾಟಕದ ಕಾಲಕ್ಕೆ ಅಥೆನ್ಸನ್ನು ಆಳುವ ರಾಜನೇ ಇರಲಿಲ್ಲ!

ನನಗೆ ಜಾಸ್ತಿ ಸಿಟ್ಟು ಬಂದದ್ದು ಆ ಬಿಳಿ ಬಣ್ಣ ನೋಡಿ. ಅಮೃತಶಿಲೆಯ ಪ್ರತಿಮೆಗಳ ಮೇಲಿನ ಬಣ್ಣ ಉದುರಿಹೋಗಿದೆ, ಜನ ಬಟ್ಟೆಯೂ ಬಿಳಿ ಅಂದುಕೊಂಡಿದ್ದಾರೆ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದಲ್ಲಿ 1886ರಲ್ಲಿ ಸಿಕ್ಕ ‘ಪೆಪ್ಲೋಸ್ ಕೋರೆ’ ಎಂಬ ಹುಡುಗಿಯ ಪ್ರತಿಮೆ ಮೇಲೆ ಬಣ್ಣದ ಗುರುತು ಇನ್ನೂ ಇದೆ. ಪೆಪ್ಲೋಸ್ ಅಂದರೆ ಗ್ರೀಕ್ ಹೆಂಗಸರು ಪಿನ್ನು ಚುಚ್ಚಿ ಉಡುತ್ತಿದ್ದ ಬಟ್ಟೆ. ಪ್ಯಾನಥೆನಾಯ ಹಬ್ಬದಲ್ಲಿ ಅಥೆನಾ ದೇವಿಗೆ ಒಪ್ಪಿಸುತ್ತಿದ್ದ ಪೆಪ್ಲೋಸ್ ಅಂತೂ ಕೇಸರಿ, ನೇರಳೆ ಬಣ್ಣದ್ದು. ಅದರಲ್ಲಿ ದೇವರು, ದೈತ್ಯರ ಯುದ್ಧದ ಚಿತ್ರವನ್ನೇ ನೇಯುತ್ತಿದ್ದರು.

ಮೊಬೈಲಿನಲ್ಲಿ ಫೋಟೋ ತೋರಿಸಿ ಕೌಂಟರಿನ ಹುಡುಗನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವನು ತಲೆಯಾಡಿಸುತ್ತಿದ್ದ, ಅಷ್ಟೇ. ಒಳಗಿಂದ ತಾತ ಬಂದರು. ಕಂಪನಿ ನಾಟಕದ ಕಾಲದಿಂದ ಅರ್ಜುನನಿಗೆ ಕಚ್ಚೆ ಹಾಕಿ, ದ್ರೌಪದಿಗೆ ಸೀರೆ ಉಡಿಸಿದ ಕೈ ಅವರದು. ಫೋಟೋ ದೊಡ್ಡದು ಮಾಡಿಸಿಕೊಂಡು ನೋಡಿದರು.

“ಇದರಾಗೆ ಹೊಲಿಗೆ ಎಲ್ಲೈತಿ?”

“ಹೊಲಿಗೆ ಇಲ್ಲ ತಾತ. ಬಟ್ಟೆ, ಪಿನ್ನು, ನಡುವಿಗೊಂದು ಹುರಿ.”

“ಮತ್ತೆ ಈ ಜಿಪ್ಪಿನ ಅಂಗಿ ಯಾಕೆ ನೋಡ್ತೀರಿ ಮೇಡಂ? ಥಾನ್ ತಗೊಳ್ರಿ, ನಾನು ಉಡಿಸ್ತೀನಿ.”

ಈ ಅಂಗಡಿಗೆ ಹೋಗಬೇಕಾದದ್ದು ಇದಕ್ಕೇ. ಅಟ್ಟದಿಂದ ಹಾಸಿಗೆ ಅಗಲದ ಕೋರಾ ಬಟ್ಟೆ ಇಳಿಸಿದರು. ಮೇಲಿನ ಅಂಚನ್ನು ಒಂದು ಮೊಳ ಹೊರಕ್ಕೆ ಮಡಚಿದರು. ಜೊತೆಗೆ ಬಂದಿದ್ದ ಹುಡುಗಿಯ ಎಡಗಡೆಯಿಂದ ಸುತ್ತಿ ತಂದು, ಎರಡೂ ತುದಿಗಳನ್ನು ಬಲಗಡೆಗೆ ಬಿಟ್ಟರು. ಹಿಂದಿನ ಬಟ್ಟೆಯನ್ನು ಹೆಗಲ ಮೇಲಿಂದ ಸ್ವಲ್ಪ ಮುಂದಕ್ಕೆ ಎಳೆದು, ಎರಡೂ ಕಡೆ ಹಿತ್ತಾಳೆ ಪಿನ್ನು ಚುಚ್ಚಿದರು. ನಡುವಿಗೆ ಹುರಿ ಕಟ್ಟಿ, ಹುರಿಯ ಮೇಲೆ ಬಟ್ಟೆ ಎಳೆದು ಉಬ್ಬಿಸಿದರು. ಮುಗೀತು. ಕುಳ್ಳಗಿದ್ದವಳಿಗೆ ಜಾಸ್ತಿ ಎಳೆಯುವುದು, ಎತ್ತರದವಳಿಗೆ ಕಮ್ಮಿ. ಒಂದೇ ಅಳತೆಯ ಬಟ್ಟೆ ಎಲ್ಲರಿಗೂ ಸರಿಹೋಯಿತು. ಗ್ರೀಕ್ ಹೆಂಗಸರೂ ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯನ್ನು ಕತ್ತರಿಸದೆ ಹೀಗೇ ಉಡುತ್ತಿದ್ದರು, ಅದೇ ಪೆಪ್ಲೋಸ್. ಬಲಗಡೆ ತೆರೆದ ಭಾಗವನ್ನು ಮಾತ್ರ ನಾವು ಹೊಲಿದು ಮುಚ್ಚಿದೆವು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲೇ ಕೂರುತ್ತಾರೆ ನೋಡಿ.

ಪಿನ್ನಿನ ಬಗ್ಗೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಕಥೆ ಹೇಳುತ್ತಾನೆ. ಈಜೈನಾ ದ್ವೀಪದ ಮೇಲೆ ದಂಡೆತ್ತಿ ಹೋದ ಅಥೆನ್ಸಿನವರಲ್ಲಿ ಒಬ್ಬನೇ ಬದುಕಿ ಬಂದನಂತೆ. ‘ನನ್ನ ಗಂಡ ಎಲ್ಲಿ’ ಎಂದು ಸತ್ತವರ ಹೆಂಡಂದಿರು ಅವನನ್ನು ಸುತ್ತುವರಿದು, ಬಟ್ಟೆಯ ಪಿನ್ನಿನಿಂದಲೇ ಚುಚ್ಚಿ ಕೊಂದರಂತೆ. ಆಮೇಲೆ ಪಿನ್ನು ಬೇಡದ, ಕಿಟೋನ್ ಎಂಬ ಲಿನನ್ ನಿಲುವಂಗಿ ಉಡಬೇಕೆಂದು ಹೆಂಗಸರ ಉಡುಪನ್ನೇ ಬದಲಿಸಿದರಂತೆ. ತಾತ ಇದನ್ನು ಪೂರ್ತಿ ಕೇಳಿಸಿಕೊಂಡು, ಹಿತ್ತಾಳೆ ಪಿನ್ನುಗಳನ್ನು ಡಬ್ಬಿಗೆ ಹಾಕಿ ಸೇಫ್ಟಿ ಪಿನ್ನು ತೆಗೆದರು.

ಸಾಹುಕಾರರ ಮನೆಯ ಹೆಂಗಸರ ಪಾತ್ರಕ್ಕೆ ತೆಳು ಮಲ್ ಬಟ್ಟೆಯ ಕಿಟೋನ್ ಮಾಡಿದೆವು. ಹೆಗಲಿಂದ ಮೊಳಕೈವರೆಗೆ ಸಾಲಾಗಿ ಗುಂಡಿ ಹಾಕಿದರೆ ತೋಳು ತಾನೇ ಆಗುತ್ತದೆ. ಸೈನಿಕರಿಗೆ ಅಂಗಡಿಯವರು ವೆಲ್ವೆಟ್ ಮೇಲಂಗಿಯನ್ನು ಎರಡೂ ಭುಜಕ್ಕೆ ಕಟ್ಟಿದ್ದರು, ಕಂಪನಿ ನಾಟಕದ ರಾಜನ ಥರ. ಗ್ರೀಕರ ಮೇಲುಹೊದಿಕೆ ಕ್ಲಾಮಿಸ್‌ಗೆ ಬಲ ಹೆಗಲಲ್ಲಿ ಒಂದೇ ಪಿನ್ನು, ಕತ್ತಿ ಹಿಡಿಯುವ ಕೈ ಬಿಡುವಾಗಿರಲಿ ಅಂತ. ಬದಲಿಸಿ ಕೊಡಿ ಅಂದರೆ ತಕರಾರಿಲ್ಲದೆ ಕೊಟ್ಟರು. ಬಣ್ಣಕ್ಕೆ ಋಷಿಗಳ ಕೇಸರಿ ಪಂಚೆಗಳೇ ಸಾಕಾದವು.

ಪರ್ಷಿಯಾದ ದೂತರಿಗೆ ಪ್ರಿಂಟೆಡ್ ಚೂಡಿದಾರ್ ಪ್ಯಾಂಟು. ಗ್ರೀಕರ ಮಡಕೆ ಚಿತ್ರಗಳಲ್ಲಿ ಪರ್ಷಿಯಾದವರು, ಸಿಥಿಯಾದ ಬಿಲ್ಲುಗಾರರು ಇಂಥ ಚಿತ್ತಾರದ ಪ್ಯಾಂಟಿನಲ್ಲೇ ಇರುತ್ತಾರೆ. ಪ್ಯಾಂಟು ಹಾಕುವುದು ಹೊರಗಿನವರ ಲಕ್ಷಣ ಅಂತ ಗ್ರೀಕರ ಎಣಿಕೆ. ಜೀನ್ಸ್ ಹೊಲಿದು ಹೊಟ್ಟೆ ಹೊರೆಯುವ ನಮ್ಮೂರನ್ನು ಕಂಡಿದ್ದರೆ ಏನನ್ನುತ್ತಿದ್ದರೋ!

ಇನ್ನು ಬೈಗುಳ. ಕೋರಾ ಬಟ್ಟೆಗಳಲ್ಲಿ ಹಿಂದಿನ ನಾಟಕದವರ ಬೆವರಿನ ವಾಸನೆ. ನಾವೇ ಒಗೆದು ಇಸ್ತ್ರಿ ಮಾಡಿಸಿದೆವು, ಆದರೂ ಬಿಲ್ಲಿನಲ್ಲಿ ‘ಒಗೆಯುವ ಚಾರ್ಜು’ ಸೇರಿಸಿದ್ದರು. ಕೇಳಿದ ಮೇಲೆ ತೆಗೆದರು. ಪಟ್ಟಿ ಚಪ್ಪಲಿ ಎಲ್ಲ ಒಂದೇ ಸೈಜು, ಅದನ್ನು ತಗೊಳ್ಳಲೇಬೇಡಿ. ಬರಿಗಾಲಲ್ಲಿ ನಿಂತರೆ ಸುಮ್ನೆ ಚೆನ್ನಾಗಿ ಕಾಣುತ್ತದೆ. ಡಿಪಾಸಿಟ್ ಹಣಕ್ಕೆ ‘ನಾಳೆ ಬನ್ನಿ, ಓನರ್ ಇಲ್ಲ’ ಅಂತ ಅಲೆದಾಡಿಸಿದರು. ಕೊಡುವಾಗಲೇ ಚೀಟಿ ಬರೆಸಿಕೊಳ್ಳಿ.

ಬಟ್ಟೆಗೆ ತಲಾ 80 ರೂಪಾಯಿ, ತಾತ ಸಂಜೆ ಪೂರ್ತಿ ಸ್ಟೇಜಿನ ಹಿಂದೆ ನಿಂತು ಉಡಿಸಿದ್ದಕ್ಕೆ 600. ಅಂಗಡಿಗೆ ಐದಕ್ಕೆ ಮೂರು ಕೊಡುತ್ತೇನೆ, ತಾತನಿಗೆ ಐದಕ್ಕೆ ಐದು. ಅವರು ಬರುವುದಾದರೆ ಮಾತ್ರ ಬುಕ್ ಮಾಡಿ. ಜಾತ್ರೆ ಸೀಸನ್ನಿನಲ್ಲಿ ಹಳ್ಳಿ ನಾಟಕಗಳಿಗೆ ಹೋಗಿಬಿಡುತ್ತಾರೆ, ತಿಂಗಳ ಮೊದಲೇ ಹೇಳಿಟ್ಟರೆ ಒಳ್ಳೆಯದು.